ಹಗೇವಿನ ಬಾಯಿ

ತುಂಬಿದ ಹಗೇವು ತಾನಿರುವ ಜಾಗವನ್ನು ಬಿಟ್ಟುಕೊಡುವುದಿಲ್ಲ. ಅದರ ಮೇಲೆ ನಿಂತು ಹಿಮ್ಮಡಿಯಿಂದ ಎಷ್ಟು ಗುದ್ದಿದರೂ ಸುತ್ತಲಿನ ನೆಲದ್ದೇ ಸದ್ದು. ಕಾಳು ಖಾಲಿಯಾದ ಮೇಲೆ ಮಾತ್ರ ನಡೆಯುವವರ ಕಾಲಡಿಯಲ್ಲಿ ದೂರದ ಡೊಳ್ಳಿನಂಥ ಒಂದು ದನಿ ಹುಟ್ಟುತ್ತದೆ. ರೋಣ ತಾಲೂಕಿನ ನನ್ನ ತವರುಮನೆಯಲ್ಲಿ ಆ ದನಿ ಬರುತ್ತಿದ್ದದ್ದು ನಡುಮನೆಯಲ್ಲಿ, ದೀಪದ ಮಾಡದ ಎದುರಿಗೆ, ಅಪ್ಪನ ತಾಯಿ, ನಮ್ಮ ಆಯಿ, ಹಾಸಿಗೆ ಹಾಸಿಕೊಳ್ಳುತ್ತಿದ್ದ ಕಡೆ. ಕೆಲವು ವರ್ಷ ಕೇಳುತ್ತಿತ್ತು, ಕೆಲವು ವರ್ಷ ಇಲ್ಲ. ಏನದು ಎಂದು ಕೇಳಿದರೆ ಆಯಿ, "ಇಲಿ ತ್ವಾಡ್ಯಾವ, ಹೋಗ" ಎಂದು ಮಾತು ಮುಗಿಸುತ್ತಿದ್ದಳು. ದನಿ ಬರುವ ವರ್ಷಗಳಲ್ಲಿ ದೊಡ್ಡ ಸಂದೂಕವನ್ನು ಅಲ್ಲಿಗೆ ಎಳೆಸಿ ಅದರ ಮೇಲೆ ಕೌದಿಗಳನ್ನು ಪೇರಿಸುತ್ತಿದ್ದಳು. ಇಲಿಯ ಬಿಲದ ಮೇಲೆ ಯಾರಾದರೂ ಸಂದೂಕ ಇಡುತ್ತಾರೆಯೇ ಎಂದು ನಾನು ಆಗ ಯೋಚಿಸಲಿಲ್ಲ.

ಹಗೇವು ನೆಲದೊಳಗೆ ತೋಡಿದ ಕಾಳಿನ ಕುಣಿ. ಹಳೇ ಮೈಸೂರಿನ ಕಡೆ ರಾಗಿಗೆ, ನಮ್ಮ ಕಡೆ ಜೋಳಕ್ಕೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿಯುತ್ತದೆ. ಅದರಲ್ಲಿ ಹಗೇವು ನಿಲ್ಲದು. ಊರು ಕೂತ ದಿಬ್ಬದ ಗಟ್ಟಿ ಗರಸು ಮಣ್ಣೇ ಬೇಕು. ಬಾಯಿ ಎರಡಡಿ, ಒಬ್ಬ ಮನುಷ್ಯ ಭುಜ ಕುಗ್ಗಿಸಿ ಇಳಿಯುವಷ್ಟು. ಇಳಿದಂತೆಲ್ಲ ಹೊಟ್ಟೆ ಅಗಲವಾಗುತ್ತ ಆರಡಿಗೆ ಬರುತ್ತದೆ. ನಮ್ಮ ನಡುಮನೆಯದು ಹತ್ತಡಿ ಆಳದ್ದು, ಮೂವತ್ತು ಚೀಲ ಜೋಳ ಹಿಡಿಯುವಂಥದು. ಹಿಂಗಾರಿ ರಾಶಿ ಮುಗಿದು ಕಾಳು ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿದ ಮೇಲೆ ಹಗೇವಿನ ಗೋಡೆಗೆ ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಣಕಿ ಉರಿಸಿ ಗೋಡೆ ಕಾಯಿಸುತ್ತಿದ್ದರು. ತಳಕ್ಕೂ ಬದಿಗೂ ರವದಿ, ಹೊಟ್ಟು ಕೊಟ್ಟು ಕಾಳು ಸುರಿದು, ಮೇಲೆ ಮತ್ತೆ ರವದಿ ಹಾಸಿ, ಬಾಯಿಗೆ ಹಾಸುಗಲ್ಲು ಎಳೆದು, ಸಂದಿಗೆ ಕೆಸರು ತುಂಬುತ್ತಿದ್ದರು. ಅದರ ಮೇಲೆ ನೆಲ ಸಾರಿಸಿಬಿಟ್ಟರೆ ಅಲ್ಲೊಂದು ಬಾಯಿ ಇದೆ ಎಂದು ಕಟ್ಟಿದವನಿಗೂ ಗೊತ್ತಾಗಬಾರದು.

ಮುಚ್ಚಿದ ಹಗೇವಿನೊಳಗೆ ಕಾಳೂ ಉಸಿರಾಡುತ್ತದೆ, ಕಾಳಿನೊಳಗೆ ಸೇರಿಕೊಂಡ ಹುಳವೂ ಉಸಿರಾಡುತ್ತದೆ. ಹೊಸ ಗಾಳಿ ಬರುವ ದಾರಿಯಿಲ್ಲ. ಇದ್ದ ಆಮ್ಲಜನಕ ತೀರುತ್ತ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗಿ ಹುಳ ಸತ್ತುಹೋಗುತ್ತದೆ. ಜೋಳ ವರ್ಷಗಟ್ಟಲೆ ಉಳಿಯುವುದು ಈ ಉಸಿರು ಕಟ್ಟಿದ ಕತ್ತಲೆಯಿಂದ. ಆದರೆ ಆ ಕಾಳಿಗೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ಬಿತ್ತುವ ಬೀಜವನ್ನು ಬೂದಿ ಬೆರೆಸಿ ಹರವಿಗಳಲ್ಲಿ ಬೇರೆ ಇಡುತ್ತಿದ್ದರು. ಒಮ್ಮೆ ಬಾಯಿ ತೆಗೆದ ಹಗೇವನ್ನು ಅರ್ಧಕ್ಕೆ ಬಿಟ್ಟು ಮುಚ್ಚುವಂತಿಲ್ಲ, ಕಾಳನ್ನೆಲ್ಲ ಮೇಲೆತ್ತಲೇಬೇಕು. ಆ ಜೋಳಕ್ಕೆ ಒಂದು ಘಾಟು ವಾಸನೆ, ಬಣ್ಣ ಮಾಸಿರುತ್ತದೆ. ಬಿಸಿಲಿಗೆ ಹರವಿ ವಾಸನೆ ಕಳೆದ ಮೇಲೂ ರೊಟ್ಟಿಯಲ್ಲಿ ಅದರ ಗುರುತು ಉಳಿಯುತ್ತಿತ್ತು. ನನಗೆ ಆ ರೊಟ್ಟಿ ಇಷ್ಟ. ಇವತ್ತಿಗೂ ಎಲ್ಲಾದರೂ ಹಳೆಯ ನೆಲಮಾಳಿಗೆಯ ವಾಸನೆ ಬಡಿದರೆ ನನಗೆ ಹಸಿವಾಗುತ್ತದೆ.

ಅಂಗಳದಲ್ಲಿ ಎರಡು ಹಗೇವು ಇದ್ದವು. ಅವು ಊರಿಗೆಲ್ಲ ಗೊತ್ತು. ಅವುಗಳ ಕಲ್ಲಿನ ಮೇಲೆ ಕೂತು ನಾವು ಗಜಗ ಆಡಿದ್ದೇವೆ. ನಡುಮನೆಯದು ಮನೆಯ ಕೆಲವರಿಗೆ ಮಾತ್ರ ಗೊತ್ತಿದ್ದದ್ದು. ಅದನ್ನು ತೋಡಿಸಿದ್ದು 1876–78ರ ದೊಡ್ಡ ಬರ ಕಳೆದ ಮೇಲೆ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಬರದಲ್ಲಿ ಬಿಜಾಪುರ, ಧಾರವಾಡ ಸೀಮೆಗಳಲ್ಲಿ ಜನ ಊರುಗಳನ್ನೇ ಬಿಟ್ಟು ನಡೆದರು. ಮುಂದೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಮುಂಬಯಿ ಪ್ರಾಂತದಲ್ಲಿ ರೈತರಿಂದ ಕಾಳು ಕಡ್ಡಾಯವಾಗಿ ಎತ್ತುವ ಲೇವಿ ಬಂತು. ಅಂಗಳದ ಹಗೇವುಗಳನ್ನು ಅಧಿಕಾರಿಗಳು ತೆಗೆಸಿ ಅಳೆದುಕೊಂಡು ಹೋದರಂತೆ. ಆಯಿ ಆ ದಿನ ನಡುಮನೆಯಲ್ಲಿ ಬಾಣಂತಿಯ ಹಾಸಿಗೆ ಹಾಸಿ ಅದರ ಮೇಲೆ ಮಲಗಿಬಿಟ್ಟಿದ್ದಳು. ಬಾಣಂತಿ ಇದ್ದ ಕೋಣೆಗೆ ಯಾರೂ ಕಾಲಿಡಲಿಲ್ಲ.

ಈ ಕಥೆಯನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಪೂರ್ತಿ ಹೆಮ್ಮೆಯಿಲ್ಲ. ಒಳಗಿನ ಹಗೇವು ಅಂದರೆ ಊರಿಗೆ "ಇಲ್ಲ" ಎಂದು ಹೇಳಿ ಉಳಿಸಿಕೊಂಡ ಕಾಳು. ಹೊಲವಿಲ್ಲದವರ ಮನೆಯಲ್ಲಿ ಬಚ್ಚಿಡಲು ಕಾಳೂ ಇರಲಿಲ್ಲ, ತೋಡಿಸಲು ನೆಲವೂ ಇರಲಿಲ್ಲ. ಆಯಿಯನ್ನು ಒಮ್ಮೆ ಇದನ್ನು ಕೇಳಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಮನಿಯಾಗ ದುಡಿಯೋರು ಹನ್ನೊಂದು ಮಂದಿ ಇದ್ರು. ಅವರ ಗಂಗಾಳಕ್ಕ ಬೀಳೋ ರೊಟ್ಟಿನೂ ಅದರಾಗಿಂದ ಬರತಿತ್ತು" ಎಂದಳು. ಅದೂ ನಿಜ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅವ್ವ ಈ ಮನೆಗೆ ಸೊಸೆಯಾಗಿ ಬಂದದ್ದು 1949ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಅಂದಿನಿಂದ ನಡುಮನೆಯಲ್ಲೇ ಅತ್ತೆಯ ಪಕ್ಕ ಮಲಗಿದವಳು, ದಿನಾ ಆ ನೆಲ ಸಾರಿಸಿದವಳು. ತನ್ನ ಬೆನ್ನಿನ ಕೆಳಗೆ ಮೂವತ್ತು ಚೀಲ ಜೋಳ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ನಿಮ್ಮಣ್ಣ ಹೊಟ್ಟ್ಯಾಗಿದ್ದಾಗ ಹೇಳಿದ್ರು. ಅಲ್ಲೀ ತನಕಾ ನಾ ಈ ಮನಿ ಉಂಡಾಕಿ, ಈ ಮನಿಯಾಕಿ ಅಲ್ಲ" ಎಂದು ಅವ್ವ ಹೇಳುತ್ತಿದ್ದಳು. ಹೇಳುವಾಗ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವರ ದನಿ ಇತ್ತು. ಆಯಿ ಅವಳನ್ನು ಒಂದು ಸಂಜೆ ಕರೆದು, ಅವಳ ಅಂಗೈಯನ್ನು ನೆಲಕ್ಕೆ ಒತ್ತಿಸಿ, "ಇಲ್ಲಿ" ಎಂದಳಂತೆ. ಅಷ್ಟೇ. ಕೀಲಿಕೈ ಗೊಂಚಲು ಕೊಟ್ಟದ್ದು ಆಮೇಲೆ ಎಷ್ಟೋ ವರ್ಷಕ್ಕೆ.

ಸೊಸೆಗೆ ತಡವಾಗಿಯಾದರೂ ಹೇಳುತ್ತಿದ್ದರು. ಮಗಳಿಗೆ ಹೇಳುತ್ತಲೇ ಇರಲಿಲ್ಲ. ಮಗಳು ಕೊಟ್ಟ ಮನೆಗೆ ಹೋಗುವವಳು, ಅವಳ ಜೊತೆ ಮಾತೂ ಹೋಗುತ್ತದೆ. ನನ್ನ ಇಬ್ಬರು ಸೋದರತ್ತೆಯರು ಆ ಮನೆಯಲ್ಲೇ ಹುಟ್ಟಿ ಬೆಳೆದು, ಮದುವೆಯಾಗಿ ಹೋಗಿ, ಹಬ್ಬಕ್ಕೆ ಬಂದು, ಮುದುಕಿಯರಾಗಿ ತೀರಿಹೋದರು. ಅವರಿಗೆ ಕಡೆಯವರೆಗೂ ಗೊತ್ತಿರಲಿಲ್ಲ.

ನನಗೆ ಗೊತ್ತಾದದ್ದು ಯಾರೋ ಹೇಳಿದ್ದರಿಂದಲ್ಲ. 1965ರಲ್ಲಿ ಮಳೆ ಕೈಕೊಟ್ಟಿತ್ತು, ಮರುವರ್ಷದ ಬೇಸಿಗೆ. ಉಚ್ಚೆಗೆ ಎದ್ದವಳು ನಡುಮನೆಯ ಬಾಗಿಲಿಗೆ ಬಂದರೆ ನೆಲದಲ್ಲಿ ಒಂದು ಕರಿ ಬಾಯಿ. ಆಯಿಯ ಹಾಸಿಗೆ ಗೋಡೆಗೆ ಸರಿದಿತ್ತು. ಅಪ್ಪ, ಆಯಿ, ಅವ್ವ, ಅಣ್ಣ ಸುತ್ತ ಕೂತಿದ್ದರು. ಕಲ್ಲು ಸರಿಸಿದ್ದು ಮಧ್ಯಾಹ್ನವೇ ಅಂತೆ. ಬಿಸಿ ಗಾಳಿ ಹೋಗಲಿ ಎಂದು ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು ಕಾದಿದ್ದರು. ಅಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಅದರ ಕುಡಿ ಸಣ್ಣದಾಗಿ, ಹೊಯ್ದಾಡಿ, ಆರಿತು. ಮತ್ತೆ ಎಳೆದರು.

ನನ್ನನ್ನು ಮೊದಲು ನೋಡಿದವಳು ಆಯಿ. ಗದರುತ್ತಾಳೆ ಎಂದುಕೊಂಡೆ. ಗದರಲಿಲ್ಲ. ಬೇವಿನ ತೊಪ್ಪಲಿನ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟು, "ಬಾ, ಜಗ್ಗು. ಬಿಡು, ಜಗ್ಗು" ಎಂದಳು. ಬಾವಿಯಲ್ಲಿ ಕೊಡ ಏರಿಸಿ ಇಳಿಸಿದ ಹಾಗೆ ಆ ಕಟ್ಟನ್ನು ಏರಿಸಿ ಇಳಿಸಿ ಒಳಗಿನ ಗಾಳಿಯನ್ನು ಕಲಕಬೇಕು, ಕೆಟ್ಟದ್ದು ಮೇಲೆ ಬಂದು ಒಳ್ಳೆಯದು ಕೆಳಗೆ ಹೋಗಬೇಕು. ನಾನು ತೋಳು ಸೋಲುವವರೆಗೆ ಜಗ್ಗಿದೆ, ಆಮೇಲೆ ಅವ್ವ, ಆಮೇಲೆ ಮತ್ತೆ ನಾನು. ಕಂದೀಲು ಕಾಳಿನ ಮಟ್ಟದವರೆಗೆ ಹೋಗಿ ಉರಿಯುತ್ತ ನಿಂತ ಮೇಲೆ ಅಣ್ಣನ ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿದರು. ಹಗ್ಗದ ತುದಿ ಅಪ್ಪನ ಕೈಯಲ್ಲಿ. ಆಯಿ ಬಾಯಿಯ ಪಕ್ಕ ಬಗ್ಗಿ ಅಣ್ಣನ ಜೊತೆ ಬಿಡದೆ ಮಾತಾಡುತ್ತಿದ್ದಳು: ಏನೈತಿ, ಎಷ್ಟೈತಿ, ತಲಿ ತಿರಗತೈತೇನು, ಹೂಂ ಅನ್ನು. ಅವನು ಹೂಂ ಎನ್ನುವುದು ಒಂದು ಕ್ಷಣ ತಡವಾದರೆ ಅಪ್ಪ ಹಗ್ಗ ಜಗ್ಗುತ್ತಿದ್ದರು. ನಮ್ಮ ಸೀಮೆಯ ಪ್ರತಿ ಊರಲ್ಲೂ ಹಗೇವಿಗೆ ಇಳಿದು ಮೇಲೆ ಬಾರದವರ ಒಂದು ಕಥೆಯಿದೆ, ಅವರನ್ನು ಎತ್ತಲು ಇಳಿದು ತಾವೂ ಉಳಿದವರ ಕಥೆಯೂ.

ಬೆಳಗಿನ ಜಾವ ಕಲ್ಲು ಮುಚ್ಚಿ ನೆಲ ಸಾರಿಸುವಾಗ ಆಯಿ ನನ್ನ ಗದ್ದ ಹಿಡಿದು, "ನೋಡಿದ್ದನ್ನ ನುಂಗು" ಎಂದಳು. ನುಂಗಿದೆ. ಮದುವೆಯಾದ ಮೇಲೂ ಗಂಡನಿಗೆ ಎಷ್ಟೋ ಕಾಲ ಹೇಳಲಿಲ್ಲ. ಯಾರೂ ನನ್ನ ಅಂಗೈ ಹಿಡಿದು "ಇಲ್ಲಿ" ಎಂದಿರಲಿಲ್ಲ, ಆದರೂ ಆ ಹಗೇವು ನನ್ನದೂ ಆಗಿತ್ತು. ಮುಂದೆ ನಾನು ಸಿವಿಲ್ ಇಂಜಿನಿಯರಿಂಗ್ ಓದಿದ್ದಕ್ಕೆ, ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡ ಕಲಿಸುತ್ತ ಬದುಕು ಕಳೆದದ್ದಕ್ಕೆ ಆ ರಾತ್ರಿಯ ಕರಿ ಬಾಯಿಯೇ ಕಾರಣ ಎಂದು ನಾನು ನಂಬಿದ್ದೇನೆ. ನೆಲ ಅಂದರೆ ನೆಲ ಮಾತ್ರವಲ್ಲ ಎಂದು ಒಂಬತ್ತರ ವಯಸ್ಸಿಗೆ ತಿಳಿದುಬಿಟ್ಟಿತು.

ಹಗೇವು ಸತ್ತದ್ದು ನೀರಿನಿಂದ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಎರೆ ಸೀಮೆಗೆ ಬಂದವು. ಹೊಲಕ್ಕೆ ನೀರು ಬಂದಿತೆಂದು ಊರಲ್ಲಿ ಹಬ್ಬ. ಎರಡು ಮೂರು ವರ್ಷಕ್ಕೆ ನೆಲದೊಳಗಿನ ನೀರು ಮೇಲೇರಿ, ತಗ್ಗಿನ ಹೊಲಗಳು ಸವಳು-ಜವಳಾದವು. ಅಂಗಳದ ಹಗೇವುಗಳ ತಳದಲ್ಲಿ ತೇವ ಒಸರತೊಡಗಿತು. ಆ ನೀರಿನ ಅಭಿವೃದ್ಧಿ ಕರದ ಜಗಳ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿನವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ನಮ್ಮ ಮನೆಗೆ ಅದೇ ನೀರು ನೆಲದಡಿಯಿಂದ ಬಂದಿತ್ತು. ನಡುಮನೆಯ ಹಗೇವನ್ನು ಕೊನೆಯ ಸಲ ತೆಗೆದಾಗ ತಳದ ಒಂದು ಮೊಳ ಕಾಳು ಕರಿ ಹೆಂಟೆಯಾಗಿತ್ತು. ಹೊತ್ತು ಹಾಕಿ ತಿಪ್ಪೆಗೆ ಸುರಿದರು, ದನವೂ ಮೂಸಲಿಲ್ಲ. ಅಷ್ಟರಲ್ಲಿ ನೀರು ಬಂದ ಹೊಲಕ್ಕೆ ವರಲಕ್ಷ್ಮಿ ಹತ್ತಿ ಬಂದಿತ್ತು, ಕೈಯಲ್ಲಿ ರೊಕ್ಕ ಆಡುತ್ತಿತ್ತು, ರೇಷನ್ ಅಂಗಡಿಯಲ್ಲಿ ಅಕ್ಕಿ ಗೋದಿ ಸಿಗುತ್ತಿತ್ತು. ಜೋಳ ಬಿತ್ತುವುದೇ ಕಡಿಮೆಯಾದ ಮೇಲೆ ಬಚ್ಚಿಡುವುದೇನು? ಖಾಲಿ ಹಗೇವಿನ ಮೇಲೆ ಕಲ್ಲು ಎಳೆದು, ಮೇಲೆ ಶಹಾಬಾದಿ ಫರಸಿ ಹಾಸಿದರು. ದನಿ ಇನ್ನೂ ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ.

2017ರ ಬೇಸಿಗೆಯಲ್ಲಿ ನಡುಮನೆಯ ಫರಸಿ ಒಂದು ಮೂಲೆಗೆ ಕುಸಿಯಿತು. ಅಣ್ಣ ಫೋನು ಮಾಡಿ, "ನೀ ಒಮ್ಮೆ ಬಂದು ನೋಡಿ ಹೋಗವಾ" ಎಂದ. ನಾನು ಹೋಗುವಷ್ಟರಲ್ಲಿ ಗೌಂಡಿ ಲೆಕ್ಕ ಹಾಕಿಯಾಗಿತ್ತು. "ಅಕ್ಕಾರ, ಎರಡು ಟ್ರಾಕ್ಟರ್ ಗರಸು ಹೊಡದ್ರ ಮುಗೀತು. ಮ್ಯಾಲ ಕಾಂಕ್ರೀಟ್, ಮ್ಯಾಲ ಟೈಲ್ಸ್. ನಾಳೆ ಸಂಜೀ ಒಳಗ ಮುಗಸ್ತೀನಿ." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಖಾಲಿ ಕುಣಿಯ ಮೇಲೆ ನೆಲ ನಿಲ್ಲಿಸುವುದಕ್ಕಿಂತ ಅದನ್ನು ತುಂಬಿಬಿಡುವುದು ಅಗ್ಗ, ಗಟ್ಟಿ. ನನ್ನ ವಿದ್ಯಾರ್ಥಿಗಳಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಬೇಡ ಎಂದವಳು ಅವ್ವ. ಎಂಬತ್ತು ದಾಟಿದ್ದಳು, ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಮುಚ್ಚಿದ್ರ ಮುಂದಿನವರಿಗೆ ಗೊತ್ತಾಗೂದಿಲ್ಲ. ಮ್ಯಾಲ ಮಲಗೋರಿಗೆ ಕೆಳಗ ಏನೈತಿ ಅಂತ ಗೊತ್ತಿರಬೇಕು." ಅಣ್ಣ, "ಏನೂ ಇಲ್ಲಲ್ಲ ಅವ್ವಾ ಈಗ" ಎಂದ. "ಏನೂ ಇಲ್ಲ ಅಂತರೆ ಗೊತ್ತಿರಬೇಕಿಲ್ಲೋ" ಎಂದಳು ಅವ್ವ.

ನಾನು ಆ ಹೊತ್ತಿಗೆ ಒಂದು ನಿರ್ಧಾರ ಮಾಡಿಬಿಟ್ಟಿದ್ದೆ. ತುಂಬುವುದಲ್ಲ, ಕಲ್ಲು ಮುಚ್ಚಿ ಮರೆಯುವುದೂ ಅಲ್ಲ; ಒಂದು ಬಾಗಿಲು ಕೂಡಿಸುವುದು. ಮುಚ್ಚಿದಾಗ ನೆಲದೊಳಗೆ ಕರಗಿಹೋಗಬೇಕು, ಬೇಕೆಂದಾಗ ಒಬ್ಬ ಹೆಂಗಸು ಒಂದೇ ಕೈಯಲ್ಲಿ ಎತ್ತುವಂತಿರಬೇಕು.

ಮೊದಲು ಇಳಿಯಬೇಕಿತ್ತು. ಹುಬ್ಬಳ್ಳಿಯಿಂದ ಆಮ್ಲಜನಕ ಅಳೆಯುವ ಮೀಟರ್ ತರಿಸಿದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. 17ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ಆದರೆ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗಿನ ಗಾಳಿ ಮನುಷ್ಯನಿಗೆ ಒಳ್ಳೆಯದೆಂದು ಅರ್ಥವಲ್ಲ. ಕುಡಿ ಆರುವ ಮೊದಲೇ ಮನುಷ್ಯನ ತಲೆ ಮಂಕಾಗತೊಡಗುತ್ತದೆ, ಭಾರದ ಗಾಳಿ ತಳದಲ್ಲೇ ಮಡುಗಟ್ಟಿರುತ್ತದೆ. ಕಲ್ಲು ತೆಗೆಸಿ ಒಂದು ಹಗಲು, ಒಂದು ರಾತ್ರಿ ಬಿಟ್ಟು, ಟೇಬಲ್ ಫ್ಯಾನಿಗೆ ಪೈಪು ಕಟ್ಟಿ ತಳಕ್ಕೆ ಗಾಳಿ ಊದಿಸಿ, ಮೀಟರನ್ನು ಹಗ್ಗದಲ್ಲಿ ಇಳಿಸಿ ಮೂರು ಮಟ್ಟದಲ್ಲಿ ಅಳೆದೆವು. ಅವ್ವ ಮೀಟರ್ ನಂಬಲಿಲ್ಲ. ಕಂದೀಲೂ ಇಳಿಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವಳು ನಾನು. ಮೇಲೆ ಹಗ್ಗ ಹಿಡಿದವನು ಅಣ್ಣ. ಬಾಯಿಯ ಬಳಿ ಸ್ಟೂಲು ಹಾಕಿಸಿಕೊಂಡು ಕೂತ ಅವ್ವ ಕೇಳುತ್ತಿದ್ದಳು: ಏನೈತಿ, ತಲಿ ತಿರಗತೈತೇನು, ಹೂಂ ಅನ್ನು.

ಒಳಗೆ ಒಣಗಿತ್ತು. ಕಾಲುವೆಯ ಕೊನೆಯ ಊರುಗಳಿಗೆ ಈಗ ನೀರು ಸರಿಯಾಗಿ ಬರುವುದಿಲ್ಲ. ಹೊಲಕ್ಕೆ ಆದ ನಷ್ಟ ಹಗೇವಿಗೆ ಒಳಿತಾಗಿತ್ತು. ಗೋಡೆಯಲ್ಲಿ ಕಾಲಿಡಲು ಕೆತ್ತಿದ ಗೂಡುಗಳು ಬಾಯಿಯಿಂದ ತಳದವರೆಗೆ ಎದುರುಬದುರಾಗಿ ಇಳಿದಿದ್ದವು. ಸಗಣಿ-ಮಣ್ಣಿನ ಮೆತ್ತಿಗೆ ಕೆಲವೆಡೆ ಕಳಚಿತ್ತು, ಉಳಿದೆಡೆ ಬೆರಳುಗಳ ಗೆರೆ ಕಾಣುತ್ತಿತ್ತು. ಆ ಬೆರಳು ಗಂಡಸಿನವಲ್ಲ. ಮೆತ್ತುವ ಕೆಲಸಕ್ಕೆ ಹೆಂಗಸರನ್ನೇ ಇಳಿಸುತ್ತಿದ್ದರೆಂದು ಅವ್ವ ಆಮೇಲೆ ಹೇಳಿದಳು. ಹೊರಗಿನ ಆಳುಗಳನ್ನು ಕರೆಯುವಂತಿರಲಿಲ್ಲ, ಮನೆಯ ಸೊಸೆಯರೇ ಇಳಿಯಬೇಕಿತ್ತು. ಅವಳೂ ಇಳಿದಿದ್ದಳು.

ಬಾಗಿಲಿನ ನಕ್ಷೆ ಬರೆಯುತ್ತಿದ್ದ ಆ ದಿನಗಳಲ್ಲಿ ನಾನು ಬಚ್ಚಿಟ್ಟ ಬಾಗಿಲುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲಕ್ಕೆ ಕ್ಯಾಥೊಲಿಕ್ ಪಾದ್ರಿಗಳನ್ನು ಅಡಗಿಸಲು ದೊಡ್ಡ ಮನೆಗಳಲ್ಲಿ ಗುಪ್ತ ಗೂಡುಗಳನ್ನು ಕಟ್ಟಿದ ನಿಕೊಲಸ್ ಓವನ್ ಎಂಬ ಬಡಗಿಯಿದ್ದ. ಹಗಲು ಎಲ್ಲರೂ ನೋಡುವಂತೆ ಬೇರೇನೋ ದುರಸ್ತಿ ಮಾಡುತ್ತ, ರಾತ್ರಿ ಒಬ್ಬನೇ ಗೋಡೆ ಕೊರೆದವನು. 1606ರಲ್ಲಿ ಹಿಂಡ್ಲಿಪ್ ಎಂಬ ಮನೆಯಲ್ಲಿ ತಾನೇ ಅಡಗಿ, ಹಸಿವು ತಾಳಲಾರದೆ ಹೊರಬಂದು ಸಿಕ್ಕಿಬಿದ್ದು, ಲಂಡನ್ನಿನ ಟವರಿನಲ್ಲಿ ಚಿತ್ರಹಿಂಸೆಗೆ ಸತ್ತ. ತಾನು ಕಟ್ಟಿದ ಒಂದು ಗೂಡನ್ನೂ ತೋರಿಸಿಕೊಡಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆ್ಯನ್ ಫ್ರಾಂಕ್ ಇದ್ದ ಹಿಂಬದಿಯ ಮನೆಯ ಬಾಗಿಲನ್ನು 1942ರ ಆಗಸ್ಟಿನಲ್ಲಿ ತಿರುಗುವ ಪುಸ್ತಕದ ಕಪಾಟಿನಿಂದ ಮರೆಮಾಡಿದವರು ಯೋಹಾನ್ ವೊಸ್ಕಾಯ್ಲ್, ಕೆಳಗಿನ ಕಚೇರಿಯ ಗೋದಾಮಿನ ಮೇಲ್ವಿಚಾರಕರು. ಕಪಾಟಿನ ಹಿಂದೆ ಎಂಟು ಜನ ಎರಡು ವರ್ಷ ಬದುಕಿದ್ದು ಕಪಾಟಿನಿಂದಲ್ಲ; ಇತ್ತ ಕಡೆ ನಿಂತು ದಿನವೂ ಕಾಯಿಪಲ್ಲೆ, ಬ್ರೆಡ್ಡು, ಪುಸ್ತಕ ತಂದುಕೊಟ್ಟವರಿಂದ. ಹಿಂಡ್ಲಿಪ್ಪಿನಲ್ಲಿ ಓವನ್ ಅಡಗಿದ್ದ ಗೂಡಿನ ಕುಶಲತೆಯಲ್ಲಿ ಕೊರತೆಯಿರಲಿಲ್ಲ. ಊಟ ತಲುಪಿಸುವ ಕೈ ಹೊರಗಿರಲಿಲ್ಲ. ನಮ್ಮ ಆಯಿ ಬಾಯಿಯ ಬಳಿ ಬಗ್ಗಿ ಅಣ್ಣನ ಜೊತೆ ಬಿಡದೆ ಮಾತಾಡುತ್ತಿದ್ದದ್ದು ಇದೇ ತಿಳಿವಳಿಕೆ ಎಂದು ನನಗೆ ಅನ್ನಿಸಿತು. ಬಚ್ಚಿಟ್ಟ ಜಾಗಕ್ಕೆ ಇಬ್ಬರು ಬೇಕು: ಒಳಗೊಬ್ಬರು, ಹೊರಗೊಬ್ಬರು. ಒಬ್ಬರಿಗೆ ಮಾತ್ರ ಗೊತ್ತಿರುವ ಬಾಗಿಲು ಗೋರಿಯ ಕಲ್ಲಿಗೆ ತೀರ ಹತ್ತಿರ.

ಈಗ ಮುಚ್ಚಳದ ವಿಚಾರ. ನಡುಮನೆಗೆ ಮತ್ತೆ ಶಹಾಬಾದಿ ಫರಸಿಯನ್ನೇ ಹಾಕುವುದೆಂದು ಹಟ ಹಿಡಿದೆ. ಹೊಳೆಯುವ ಟೈಲಿನಲ್ಲಿ ಸಂದಿಗಳು ಕೂದಲೆಳೆಯಷ್ಟು ಸಣ್ಣ, ಮುಚ್ಚಳದ ಗೆರೆ ಎದ್ದು ಕಾಣುತ್ತದೆ. ಫರಸಿಯ ಸಂದಿ ಮೊದಲೇ ಅಗಲ, ಸ್ವಲ್ಪ ವಕ್ರ. ಅದರಲ್ಲಿ ಇನ್ನೊಂದು ಗೆರೆ ಕಲೆತುಹೋಗುತ್ತದೆ. ಮೂರಡಿ ಉದ್ದ, ಎರಡಡಿ ಅಗಲದ ಒಂದು ಇಂಚು ದಪ್ಪದ ಕಲ್ಲು. ಅದೊಂದೇ ನಲವತ್ತು ಕಿಲೋ ತೂಗುತ್ತದೆ. ಅದನ್ನು ಕಬ್ಬಿಣದ ತಟ್ಟೆಯಂಥ ಚೌಕಟ್ಟಿನಲ್ಲಿ ಕೂರಿಸಿದೆವು. ಹಳೆಯ ದುಂಡು ಬಾಯಿಯನ್ನು ಕಡೆಸಿ, ಸುತ್ತ ಕಾಂಕ್ರೀಟಿನ ಕಟ್ಟು ಹಾಕಿಸಿ, ನೆಲದ ಭಾರ ಹಗೇವಿನ ಅಂಚಿಗೆ ಬೀಳದೆ ಹೊರಗಿನ ಗಟ್ಟಿ ಮಣ್ಣಿಗೆ ಹೋಗುವಂತೆ ಮಾಡಿದೆ.

ತೊಡಕು ಬಂದದ್ದು ಬಿಜಾಗರಿಯಲ್ಲಿ. ಮಾಮೂಲಿ ಬಿಜಾಗರಿಯನ್ನು ಅಂಚಿಗೆ, ಮೇಲ್ಮೈಗೆ ಹಾಕಿದರೆ ಅದು ಕಣ್ಣಿಗೆ ಬೀಳುತ್ತದೆ. ಕಲ್ಲಿನ ಕೆಳಗೆ ಹಾಕಿದರೆ ಮುಚ್ಚಳ ಏಳುವಾಗ ಹಿಂದಿನ ಅಂಚು ಪಕ್ಕದ ಫರಸಿಗೆ ಬಡಿಯುತ್ತದೆ. ನಾನು ಕಾಗದದ ಮೇಲೆ ವೃತ್ತ ಎಳೆಯುತ್ತಿದ್ದಾಗ ನಮ್ಮ ಊರಿನ ಬಡಿಗೇರ ಹಿರಿಯರು, ಎಪ್ಪತ್ತರ ಮೇಲಿನವರು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಂದು ನೋಡಿದರು. "ಕೀಲು ಅಂಚಿಗ್ಯಾಕ ತಂಗೀ? ನಾಕು ಬೆರಳು ಒಳಗ ಸರಸು. ಬಾಲ ಕೆಳಗ ಹೋಗ್ತೈತಿ, ತಲಿ ಮ್ಯಾಲ ಬರತೈತಿ." ಲೆಕ್ಕ ಹಾಕಿದೆ. ತಿರುಗುವ ಕೀಲು ಅಂಚಿನಿಂದ ನಾಲ್ಕು ಇಂಚು ಒಳಗೆ, ಮೇಲ್ಮೈಯಿಂದ ಒಂದು ಇಂಚು ಕೆಳಗೆ ಇದ್ದರೆ ಹಿಂದಿನ ಅಂಚಿಗೆ ಬೇಕಾದ ಸಂದಿ ಮೂರು ಮಿಲಿಮೀಟರು. ಫರಸಿಯ ಸಂದಿ ಅದಕ್ಕಿಂತ ದೊಡ್ಡದು. ಹಿಂದಿನ ನಾಲ್ಕು ಇಂಚು ಕಲ್ಲು ಕೆಳಗಿಳಿಯುತ್ತ ಎತ್ತುವ ಕೈಗೆ ಸ್ವಲ್ಪ ನೆರವೂ ಆಗುತ್ತದೆ. ಉಳಿದ ಭಾರಕ್ಕೆ ಕಾರಿನ ಡಿಕ್ಕಿಗೆ ಹಾಕುವಂಥ ಎರಡು ಗ್ಯಾಸ್ ಸ್ಪ್ರಿಂಗ್. ಅವರ ನಾಕು ಬೆರಳು, ನನ್ನ ನಾಲ್ಕು ಇಂಚು. ನಲವತ್ತು ವರ್ಷದ ಪಾಠದಲ್ಲಿ ನಾನು ಇಷ್ಟು ಸುಂದರವಾದ ಉತ್ತರ ಕಂಡಿರಲಿಲ್ಲ.

ಎತ್ತಲು ಉಂಗುರ ಬೇಡ ಎಂದುಕೊಂಡೆವು. ಫರಸಿಯ ಸಂದಿಯೊಳಗೆ ಒಂದು ಕಡೆ ಚಪ್ಪಟೆ ಕೊಕ್ಕೆ ಇಳಿಯುವಷ್ಟು ಜಾಗವಿದೆ, ಕೊಕ್ಕೆ ದೀಪದ ಮಾಡದಲ್ಲಿರುತ್ತದೆ. ಹೊರಗಿನಿಂದ ಚಿಲಕವಿಲ್ಲ, ಕೀಲಿಯಿಲ್ಲ. ಅಣ್ಣ ಕೀಲಿ ಬೇಕೆಂದ, ನಾನು ಒಪ್ಪಲಿಲ್ಲ. ಒಳಗಿದ್ದವರು ತಲೆಯಿಂದ ಒತ್ತಿದರೂ ತೆರೆಯಬೇಕು. ಇಳಿಯಲು ಕಬ್ಬಿಣದ ನಿಚ್ಚಣಿಕೆ, ಕೈಗೆ ಸಿಗುವಲ್ಲಿ ದೀಪದ ಗುಂಡಿ. ನಾಲ್ಕು ಇಂಚಿನ ಎರಡು ಪೈಪು: ಒಂದರ ಬಾಯಿ ತಳದ ಹತ್ತಿರ, ಇನ್ನೊಂದರದು ಮೇಲೆ. ಎರಡೂ ಗೋಡೆಯೊಳಗೆ ಹಾದು ಮಾಳಿಗೆಯ ಬೆಳಕಿಂಡಿಯ ಪಕ್ಕ ಹೊರಬೀಳುತ್ತವೆ. ತಳದ ಪೈಪಿಗೆ ಸಣ್ಣ ಫ್ಯಾನು. ಕೆಟ್ಟ ಗಾಳಿ ತಳದಲ್ಲಿ ನಿಲ್ಲುತ್ತದಾದ್ದರಿಂದ ಎಳೆಯಬೇಕಾದ್ದೂ ಅಲ್ಲಿಂದಲೇ.

ಎಲ್ಲ ಮುಗಿದ ದಿನ ಅವ್ವನನ್ನು ಕರೆದು ತೋರಿಸಿದೆ. ಕೊಕ್ಕೆ ಹಾಕಿ ಎತ್ತಿದಳು. ಕಲ್ಲು ಸಲೀಸಾಗಿ ಎದ್ದು ನಿಂತಿತು. ಅವಳು ಬಗ್ಗಿ ಪೈಪುಗಳನ್ನು ನೋಡಿ, "ಗಾಳಿ ಆಡತೈತಿ ಅಂದ್ರ ಕಾಳು ಹುಳ ಹಿಡೀತದ. ಇನ್ನ ಇದು ಹಗೇವಲ್ಲ ಬಿಡು" ಎಂದಳು.

ಅದು ನನಗೆ ಗೊತ್ತಿತ್ತು. ಆದರೂ ಅವಳ ಬಾಯಿಂದ ಕೇಳಿದಾಗ ಎದೆಗೆ ತಾಗಿತು. ಕಾಳನ್ನು ಕಾಯುತ್ತಿದ್ದದ್ದು ಉಸಿರಿಲ್ಲದ ಆ ಕತ್ತಲೆ. ಮನುಷ್ಯ ಉಸಿರಾಡುವಂತೆ ಮಾಡಿದೊಡನೆ ಅದರ ಕಸುಬು ಹೋಯಿತು. ಎರಡನ್ನೂ ಉಳಿಸುವ ದಾರಿಯಿಲ್ಲ. ಕಾಳಿನ ಕುಣಿಗೆ ಬಾಗಿಲು ಕೂಡಿಸುವವರು ಇದನ್ನು ತಿಳಿದೇ ಕೈಹಾಕಬೇಕು. ನಾನು ಮನುಷ್ಯರ ಕಡೆ ನಿಂತೆ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಒಂದು ಜಾಣ್ಮೆಯನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟೆ ಎಂಬ ಅರಿವು ಆ ಪೈಪುಗಳನ್ನು ನೋಡಿದಾಗಲೆಲ್ಲ ಬರುತ್ತದೆ.

ಮರುವರ್ಷ ಅಣ್ಣನ ಮಗನ ಮದುವೆಯಾಯಿತು. ಹುಡುಗಿ ದಾವಣಗೆರೆಯವಳು, ಬೆಂಗಳೂರಿನಲ್ಲಿ ಕೆಲಸ. ಮನೆ ತುಂಬಿಸಿಕೊಂಡ ಸಂಜೆ ನಂಟರೆಲ್ಲ ಅಂಗಳದಲ್ಲಿದ್ದಾಗ ಅವ್ವ ಅವಳನ್ನು ನಡುಮನೆಗೆ ಕರೆದಳು. ಜೊತೆಗೆ ಅಣ್ಣನ ಹೆಂಡತಿ ವೈನಿಯನ್ನು, ನನ್ನನ್ನು, ನನ್ನ ಮಗಳನ್ನು, ಅಣ್ಣನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದಳು. ಆ ಮನೆಯ ಹೆಣ್ಣುಮಕ್ಕಳನ್ನು ಕರೆದು ಹೇಳಿದ್ದು ಅದೇ ಮೊದಲು. ಹೊಸ ಸೊಸೆಯ ಅಂಗೈಯನ್ನು ಫರಸಿಗೆ ಒತ್ತಿಸಿ "ಇಲ್ಲಿ" ಎಂದಳು. ಆಮೇಲೆ ಒಬ್ಬೊಬ್ಬರ ಕೈಯನ್ನೂ. ನನ್ನ ಸರದಿ ಬಂದಾಗ ನನಗೆ ಅರವತ್ತು ದಾಟಿತ್ತು. ಹುಡುಗಿ ಏನೆಂದು ತಿಳಿಯದೆ ನನ್ನ ಮುಖ ನೋಡಿ, "ಅತ್ತಿ, ಏನೈತಿ ಇಲ್ಲಿ?" ಎಂದಳು. ನಾನು ಕೊಕ್ಕೆ ತಂದು ಅವಳ ಕೈಗೆ ಕೊಟ್ಟೆ.

ಅವ್ವ ಈಗಿಲ್ಲ. ಹಗೇವಿನಲ್ಲಿ ಈಗ ತಾಮ್ರದ ಹಂಡೆಗಳು, ಬೀಸುಕಲ್ಲು, ಆಯಿಯ ಸಂದೂಕದಲ್ಲಿದ್ದ ಮೋಡಿ ಅಕ್ಷರದ ಹೊಲದ ಕಾಗದಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆ ಕಾದು ಒಲೆಯಾಗುವ ಮಧ್ಯಾಹ್ನಗಳಲ್ಲಿ ಮಕ್ಕಳು ಅಲ್ಲಿ ಇಳಿದು ಓದುತ್ತಾರೆ, ಹತ್ತಡಿ ಕೆಳಗೆ ಬಿಸಿಲಿನ ಸುದ್ದಿಯಿಲ್ಲ. ಮೇಲೆ ಯಾರಾದರೂ ಕೂತಿದ್ದರೆ ಮಾತ್ರ ಇಳಿಯಬೇಕೆಂದು ಮುಚ್ಚಳದ ಒಳಮೈಗೆ ಬಣ್ಣದಲ್ಲಿ ಬರೆಸಿದ್ದೇನೆ. ದಾವಣಗೆರೆಯ ಹುಡುಗಿ ಹೋದ ವರ್ಷ ಅಂಗಳದ ಹಗೇವುಗಳಲ್ಲೊಂದನ್ನು ಹಳೆಯ ರೀತಿಯಲ್ಲೇ ಮೆತ್ತಿಸಿ ಜೋಳ ತುಂಬಿಸೋಣ ಎಂದು ಕೇಳಿದಳು. ನಮ್ಮ ಹೊಲದಲ್ಲಿ ಜೋಳವಿಲ್ಲ, ಕಡಲೆಯಿದೆ, ಗೋವಿನಜೋಳವಿದೆ. ಬೀಗರ ಊರಿನಿಂದ ಮಾಲ್ದಂಡಿ ಜೋಳ ಎಂಟು ಚೀಲ ತರಿಸುವುದೆಂದು ಮಾತಾಗಿದೆ. ಗೋಡೆಗೆ ಮೆತ್ತುವ ಮಣ್ಣಿಗೆ ಸಗಣಿ ಎಷ್ಟು ಬೆರೆಸಬೇಕೆಂದು ಊರಿನಲ್ಲಿ ಇನ್ನೂ ನೆನಪಿರುವ ಇಬ್ಬರು ಮುದುಕಿಯರನ್ನು ವೈನಿ ಕೇಳಿ ಬಂದಿದ್ದಾಳೆ. ಅವರು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದ್ದಾರೆ. ಎರಡನ್ನೂ ಬೇರೆ ಬೇರೆ ಬದಿಗೆ ಮೆತ್ತಿ ನೋಡುವುದೆಂದು ತೀರ್ಮಾನಿಸಿದ್ದೇವೆ.